ಗಣಿಗೆ ಬಂದ ಮುತ್ತಾತನನ್ನು ಕಾಗದಗಳಲ್ಲಿ ಹುಡುಕುವುದು ಹೇಗೆ?

ಕೆ.ಜಿ.ಎಫ್‌ನಲ್ಲಿ, ಅಂದರೆ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಮೂರು ನಾಲ್ಕು ತಲೆಮಾರಿನಿಂದ ನೆಲೆಸಿರುವ ಯಾವ ಮನೆಯಲ್ಲಾದರೂ "ನಿಮ್ಮ ಮೂಲ ಯಾವೂರು?" ಅಂತ ಕೇಳಿ. "ಆರ್ಕಾಟ್ ಕಡೆ" ಅಂತಲೋ "ಚಿತ್ತೂರು ಕಡೆ" ಅಂತಲೋ ಉತ್ತರ ಬರುತ್ತದೆ. ಅದರಿಂದಾಚೆಗೆ ಕೇಳಿದರೆ ಮಾತು ನಿಂತುಹೋಗುತ್ತದೆ. ಮೊದಲು ಬಂದವರ ಹೆಸರು ಗೊತ್ತಿರುತ್ತದೆ, ಬಂದ ವರ್ಷ ಗೊತ್ತಿರುವುದಿಲ್ಲ. ಯಾವ ಗಣಿ, ಏನು ಕೆಲಸ ಅಂದರೆ ದೊಡ್ಡಪ್ಪ ಒಂದು ಹೇಳುತ್ತಾರೆ, ಸೋದರತ್ತೆ ಇನ್ನೊಂದು ಹೇಳುತ್ತಾರೆ. ಹಳ್ಳಿಯ ಹೆಸರು ಗೊತ್ತಿದ್ದ ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ.

ನಮ್ಮ ನಾಡಿನ ಕೆಲವು ಮನೆತನಗಳಿಗೆ ಹೆಳವರು ಬಂದು ಏಳೆಂಟು ತಲೆಮಾರಿನ ವಂಶಾವಳಿ ಓದಿ ಹೇಳುತ್ತಾರೆ. ಜಮೀನಿದ್ದವರಿಗೆ ಪಹಣಿ, ಪಟ್ಟಾ, ಕ್ರಯಪತ್ರಗಳಿವೆ. ನೆಲವಿಲ್ಲದೆ, ಬರಿಗೈಯಲ್ಲಿ ಗಣಿಗೆ ಇಳಿಯಲು ಬಂದವರಿಗೆ ಇವೆರಡೂ ಇಲ್ಲ. ಆದ್ದರಿಂದ "ನಮ್ಮಂಥವರ ದಾಖಲೆ ಎಲ್ಲಿರುತ್ತೆ ಬಿಡಿ" ಅನ್ನುವ ಮಾತು ಬೇಗ ಬಾಯಿಗೆ ಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೂಲಿ ಮಾಡಿದ ಮನುಷ್ಯನೂ ಕಾಗದದ ಮೇಲೆ ಬಂದಿದ್ದಾನೆ. ನಾವು ಹುಡುಕುವ ಜಾಗದಲ್ಲಿ ಬಂದಿಲ್ಲ, ಅಷ್ಟೇ. "ದಾಖಲೆ ಎಲ್ಲಿದೆ?" ಅನ್ನುವುದಕ್ಕಿಂತ ಮೊದಲು "ಈ ಮನುಷ್ಯನ ಹೆಸರು ಬರೆದುಕೊಳ್ಳುವ ಅಗತ್ಯ ಯಾರಿಗೆ, ಯಾವಾಗ ಬಿತ್ತು?" ಅಂತ ಕೇಳಿಕೊಳ್ಳಬೇಕು. ಇಡೀ ಹುಡುಕಾಟ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಇದರಲ್ಲಿ ಬರೀ ಕುತೂಹಲವಷ್ಟೇ ಇಲ್ಲ. ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ, ಪರಿಶಿಷ್ಟ ಜಾತಿಗಳ ಪಟ್ಟಿ ಮಾಡಿದ 1950ರ ರಾಷ್ಟ್ರಪತಿ ಆದೇಶದ ಹೊತ್ತಿಗೆ ನಿಮ್ಮ ಹಿರಿಯರು ಈ ರಾಜ್ಯದಲ್ಲೇ ವಾಸವಿದ್ದರು ಅನ್ನುವುದಕ್ಕೆ ಆಧಾರ ಕೇಳುವುದುಂಟು. ಆಗ ಹಳೆಯ ಒಂದು ಶಾಲಾ ದಾಖಲೆಗಾಗಿ ಮನೆಮಂದಿಯೆಲ್ಲ ಅಲೆಯಬೇಕಾಗುತ್ತದೆ.

ಹಡಗು ಹತ್ತಿದ ಅಣ್ಣ, ರೈಲು ಹತ್ತಿದ ತಮ್ಮ

ಉತ್ತರ ಆರ್ಕಾಟ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದರು ಅಂತ ಇಟ್ಟುಕೊಳ್ಳೋಣ. 1890ರ ದಶಕದಲ್ಲಿ ಅಣ್ಣ ಮದ್ರಾಸಿಗೆ ಹೋಗಿ, ದಕ್ಷಿಣ ಆಫ್ರಿಕಾದ ನಟಾಲ್‌ನ ಕಬ್ಬಿನ ತೋಟಕ್ಕೆ ಕರಾರು ಕೂಲಿಯಾಗಿ ಹಡಗು ಹತ್ತಿದ. ತಮ್ಮ ಗುಡಿಯಾತ್ತಂನಲ್ಲಿ ರೈಲು ಹತ್ತಿ ಕೋಲಾರದ ಗಣಿಗೆ ಬಂದ.

ಅಣ್ಣನ ವಿವರ ಇವತ್ತಿಗೂ ಸಿಗುತ್ತದೆ. ನಟಾಲ್‌ಗೆ ಮೊದಲ ಹಡಗು ಟ್ರೂರೊ, ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ತಲುಪಿತು. ಅಲ್ಲಿಂದ 1911ರ ತನಕ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು. ಹೋದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಹಡಗಿನ ಪಟ್ಟಿಯಲ್ಲಿ ಒಂದು ಸಾಲು ಬರೆದರು: ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಎಡ ಮೊಣಕಾಲಿನ ಮೇಲೊಂದು ಗಾಯದ ಕಲೆ ಇತ್ತೆಂದರೆ ಅದೂ ಅಲ್ಲಿದೆ. ಆ ಪಟ್ಟಿಗಳಲ್ಲಿ ಮೈಸೂರು ಸೀಮೆಯವರೂ ಸಿಗುತ್ತಾರೆ. ಇಷ್ಟು ನಿಗಾ ವಹಿಸಿ ಬರೆದದ್ದು ಕೂಲಿಯವರ ಮೇಲಿನ ಪ್ರೀತಿಯಿಂದ ಅಲ್ಲ. ಐದು ವರ್ಷದ ಕರಾರು, ತೋಟದ ಮಾಲೀಕ ತೆತ್ತ ಹಡಗಿನ ಖರ್ಚು. ಓಡಿಹೋದವನನ್ನು ಹಿಡಿದು ತರಬೇಕಾದರೆ ಗಾಯದ ಗುರುತು ಬೇಕಿತ್ತು.

ತಮ್ಮನ ಬಗ್ಗೆ ಹೀಗೆ ಬರೆಯುವ ಅಗತ್ಯ ಯಾರಿಗೂ ಬೀಳಲಿಲ್ಲ. ಮೈಸೂರು ಬೇರೆ ಸಂಸ್ಥಾನವಾಗಿದ್ದರೂ ಗಡಿ ದಾಟಲು ರಹದಾರಿ ಬೇಕಿರಲಿಲ್ಲ. ಬಂದವನು ಆಳುಗಳನ್ನು ಕರೆತರುವ ಮೇಸ್ತ್ರಿಯ ಹಿಂದೆ ಗಣಿಗೆ ನಡೆದ. "ಮುತ್ತಾತ ಕೆ.ಜಿ.ಎಫ್‌ಗೆ ಬಂದ ದಾಖಲೆ" ಅಂತ ಹುಡುಕುತ್ತ ಕೂತವರಿಗೆ ಏನೂ ಸಿಗದಿರುವುದು ಇದಕ್ಕೇ. ಬಂದ ದಾಖಲೆ ಇಲ್ಲ. ಬಂದ ಮೇಲೆ ಇದ್ದ, ದುಡಿದ, ಮದುವೆಯಾದ, ಗಾಯಗೊಂಡ, ಸತ್ತ ದಾಖಲೆಗಳಿವೆ.

ಯಾವಾಗ ಬಂದಿರಬಹುದು, ಎಲ್ಲಿಂದ?

ಮೊದಲು ಕಾಲವನ್ನು ಗಟ್ಟಿ ಮಾಡಿಕೊಳ್ಳಬೇಕು. ಈಗಿನ ಕೆ.ಜಿ.ಎಫ್‌ನ ಮಾರಿಕುಪ್ಪಂ, ಉರಿಗಾಂ ಸುತ್ತ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಸರ್ವೆಗೆ ಬಂದಾಗ ನೋಡಿ ಬರೆದಿಟ್ಟಿದ್ದ. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದಿದ್ದ ಐರಿಷ್ ಸೈನಿಕ ಲ್ಯಾವೆಲ್ ಆ ಬರಹದ ಜಾಡು ಹಿಡಿದು, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಆಳದ ಗಣಿಗಾರಿಕೆ ಬೆಳೆಯಿತು. "ನಮ್ಮವರು 1850ರಲ್ಲೇ ಗಣಿಗೆ ಬಂದರು" ಅಂತ ಯಾರಾದರೂ ಹೇಳಿದರೆ, ಒಂದೋ ವರ್ಷ ತಪ್ಪು, ಇಲ್ಲವೇ ಅವರು ಗಣಿಗೆ ಬಂದವರಲ್ಲ.

1876ರಿಂದ 78ರ ಧಾತು ಬರವನ್ನೂ ಮರೆಯಬಾರದು. ಮೈಸೂರು ಸಂಸ್ಥಾನದ ಐವತ್ತು ಲಕ್ಷದಷ್ಟು ಜನಸಂಖ್ಯೆಯಲ್ಲಿ ಸುಮಾರು ಹತ್ತು ಲಕ್ಷ ಜನ ಕಡಿಮೆಯಾದರು. ಪಕ್ಕದ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳೂ ಬೆಂದುಹೋದವು. ಊರು ಬಿಟ್ಟವರು ಹಳ್ಳಿಗೆ ವಾಪಸ್ ಹೋಗಲು ಕಾರಣವೇ ಉಳಿಯಲಿಲ್ಲ. ಅದೇ ಕಾಲದಲ್ಲಿ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನುವವರು ಬರದ ಅನಾಥ ಮಕ್ಕಳಿಗಾಗಿ ಆಶ್ರಮ ನಡೆಸಿದರು. ಮುಂದೆ ಅದು ಅಮೆರಿಕನ್ ಮೆಥೋಡಿಸ್ಟ್ ಮಿಷನ್ನಿಗೆ ಸೇರಿತು. ಕೋಲಾರ ಸುತ್ತಲಿನ ಕೆಲವು ಕ್ರೈಸ್ತ ಕುಟುಂಬಗಳ ಮೂಲ ಹುಡುಕುವಾಗ ಈ ಸಾಧ್ಯತೆಯನ್ನೂ ಮನಸ್ಸಿನಲ್ಲಿಡಬೇಕು. ಅಲ್ಲಿ ಹಳ್ಳಿ ಸಿಗದೆ, ಬರದ ವರ್ಷವೇ ಮೊದಲ ಪುಟವಾಗಿರಬಹುದು.

ಇನ್ನು ಎಲ್ಲಿಂದ ಅನ್ನುವುದು. ಇದಕ್ಕೆ ರೈಲಿನ ನಕ್ಷೆಯೇ ಒಳ್ಳೆಯ ದಾರಿ. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ರೈಲು 1864ರಲ್ಲಿ ಬಂತು. ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಗಣಿಗೆ ಕವಲು ಹಳಿ ಬಿದ್ದದ್ದು 1894ರಲ್ಲಿ. ಕಾಟ್ಪಾಡಿಯಿಂದ ಈ ಕಡೆಗೆ ಸ್ಟೇಷನ್ನುಗಳನ್ನು ಹೇಳುತ್ತ ಬನ್ನಿ: ಗುಡಿಯಾತ್ತಂ, ಆಂಬೂರು, ವಾಣಿಯಂಬಾಡಿ, ಜೋಲಾರ್‌ಪೇಟೆ, ಕುಪ್ಪಂ, ಬಂಗಾರಪೇಟೆ. ಕೆ.ಜಿ.ಎಫ್‌ನ ಹಿರಿಯರ ಬಾಯಲ್ಲಿ ಬರುವ ಊರುಗಳೆಲ್ಲ ಹೆಚ್ಚುಕಡಿಮೆ ಈ ಹಳಿಯ ಎರಡೂ ಬದಿಗಿವೆ. ಅಜ್ಜಿ ಹೇಳುತ್ತಿದ್ದ ಅರ್ಧಂಬರ್ಧ ಹೆಸರೊಂದು ನೆನಪಿದ್ದರೆ, ಅದನ್ನು ಇಡೀ ತಮಿಳುನಾಡಿನಲ್ಲಿ ಹುಡುಕದೆ ಈ ಹಳಿಯಿಂದ ಒಂದು ದಿನದ ನಡಿಗೆಯ ಒಳಗೆ ಹುಡುಕಿ.

ಜಿಲ್ಲೆಯ ಹೆಸರು ಮಾತ್ರ ಬಹಳ ದಾರಿ ತಪ್ಪಿಸುತ್ತದೆ, ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಉತ್ತರ ಆರ್ಕಾಟ್ ಜಿಲ್ಲೆಯ ಕೇಂದ್ರ 1911ರ ತನಕ ಚಿತ್ತೂರೇ ಆಗಿತ್ತು. ಆ ವರ್ಷ ಏಪ್ರಿಲ್ 1ರಂದು ಚಿತ್ತೂರು ಬೇರೆ ಜಿಲ್ಲೆಯಾಯಿತು, ಉತ್ತರ ಆರ್ಕಾಟಿನ ಕೇಂದ್ರ ವೆಲ್ಲೂರಿಗೆ ಹೋಯಿತು. ಕುಪ್ಪಂ ಭಾಗ ಕಂಗುಂದಿ ಜಮೀನ್ದಾರಿಗೆ ಸೇರಿದ್ದು, 1911ಕ್ಕೆ ಮೊದಲು ಉತ್ತರ ಆರ್ಕಾಟಿನಲ್ಲಿತ್ತು, ಆಮೇಲೆ ಚಿತ್ತೂರಿಗೆ ಸೇರಿತು. ತಿರುಪತ್ತೂರು ತಾಲ್ಲೂಕು ಆಗ ಸೇಲಂ ಜಿಲ್ಲೆಯಲ್ಲಿತ್ತು. 1989ರಲ್ಲಿ ಉತ್ತರ ಆರ್ಕಾಟ್ ಒಡೆದು ವೆಲ್ಲೂರು, ತಿರುವಣ್ಣಾಮಲೈ ಕಡೆಗಳು ಬೇರೆಯಾದವು. 2019ರಲ್ಲಿ ವೆಲ್ಲೂರಿನಿಂದ ರಾಣಿಪೇಟೆ, ತಿರುಪತ್ತೂರು ಜಿಲ್ಲೆಗಳು ಹುಟ್ಟಿದವು. ಹೀಗಾಗಿ ಒಂದೇ ಕುಟುಂಬದ ಮೂರು ಕಾಗದದಲ್ಲಿ "ಸೇಲಂ", "ಉತ್ತರ ಆರ್ಕಾಟ್", "ವೆಲ್ಲೂರು" ಅಂತ ಮೂರು ಜಿಲ್ಲೆ ಇದ್ದರೂ ಹಳ್ಳಿ ಒಂದೇ ಆಗಿರಲು ಸಾಧ್ಯ. ದಾಖಲೆಯ ವರ್ಷ ನೋಡದೆ ಜಿಲ್ಲೆಯ ಹೆಸರನ್ನು ನಂಬಬೇಡಿ. ಈ ಕಡೆಯೂ ಹಾಗೇ: ಬಂಗಾರಪೇಟೆ ತಾಲ್ಲೂಕು ಅಂತ ಹಳೆಯ ಕಾಗದದಲ್ಲಿದ್ದರೆ ಅದು ಇವತ್ತಿನ ಕೆ.ಜಿ.ಎಫ್ ತಾಲ್ಲೂಕೇ ಇರಬಹುದು.

ಮನೆಯ ಟ್ರಂಕಿನಿಂದ ಶುರು

ಹುಡುಕಾಟ ಯಾವಾಗಲೂ ಈಚಿನದರಿಂದ ಹಿಂದಕ್ಕೆ ಹೋಗಬೇಕು. ಮುತ್ತಾತನನ್ನು ನೇರವಾಗಿ ಹುಡುಕಲು ಹೊರಟರೆ ಅದೇ ಹೆಸರಿನ ನೂರು ಜನ ಎದುರಾಗುತ್ತಾರೆ. ಅಪ್ಪನ ಕಾಗದ ತಾತನ ಹೆಸರು ಕೊಡುತ್ತದೆ, ತಾತನ ಕಾಗದ ಮುತ್ತಾತನ ಹೆಸರು ಕೊಡುತ್ತದೆ.

ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಗಿ, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಮುಚ್ಚುವಾಗ ಕಾರ್ಮಿಕರಿಗೆ ಕೊಟ್ಟ ಎಸ್‌ಟಿಬಿಪಿ (ಸ್ಪೆಷಲ್ ಟರ್ಮಿನಲ್ ಬೆನಿಫಿಟ್ ಪ್ಯಾಕೇಜ್) ಪರಿಹಾರದ ಕಾಗದ, ಸೇವಾ ಪ್ರಮಾಣಪತ್ರ, ಭವಿಷ್ಯನಿಧಿಯ ಚೀಟಿ, ಕ್ವಾರ್ಟರ್ಸ್ ಹಂಚಿಕೆಯ ಪತ್ರ ಇವೆಲ್ಲ ಬಹುತೇಕ ಮನೆಗಳ ಟ್ರಂಕಿನಲ್ಲಿ ಇನ್ನೂ ಇವೆ. ಸೇವಾ ಪ್ರಮಾಣಪತ್ರದಲ್ಲಿ ನೋಡಬೇಕಾದ್ದು ಸಂಬಳವಲ್ಲ. ತಂದೆಯ ಹೆಸರು, ಕೆಲಸಕ್ಕೆ ಸೇರಿದ ದಿನಾಂಕ, ಇಲಾಖೆ, ಟೋಕನ್ ನಂಬರ್. ಭವಿಷ್ಯನಿಧಿಯ ನಾಮನಿರ್ದೇಶನದ ನಮೂನೆ ಸಿಕ್ಕರೆ ಹೆಂಡತಿ, ಮಕ್ಕಳ ಹೆಸರು ಮತ್ತು ವಯಸ್ಸೂ ಸಿಗುತ್ತದೆ. ಕಾಗದದ ಹಿಂಬದಿಯನ್ನು ಮರೆಯದೆ ನೋಡಿ. ಸೀಲು, ಪೆನ್ಸಿಲ್ಲಿನ ಟಿಪ್ಪಣಿ, ಹಳೆಯ ವಿಳಾಸ ಎಲ್ಲ ಅಲ್ಲೇ ಇರುತ್ತವೆ.

ಹಳೆಯ ಲಗ್ನಪತ್ರಿಕೆಗಳನ್ನು ಜನ ದಾಖಲೆ ಅಂತ ಎಣಿಸುವುದೇ ಇಲ್ಲ. ನನ್ನ ಮಟ್ಟಿಗೆ ಟ್ರಂಕಿನೊಳಗಿನ ಅತಿ ಬೆಲೆಯುಳ್ಳ ಕಾಗದ ಅದೇ. ವರನ ತಾತನ ಹೆಸರು, ಅವರ ಊರು, ಸೋದರಮಾವನ ಊರು, ಯಾರು ಯಾರ ಮೊಮ್ಮಗ ಅನ್ನುವುದು ಅದರಲ್ಲಿ ಅಚ್ಚಾಗಿರುತ್ತದೆ, ಅದೂ ಆ ಮನೆಯವರೇ ಹೇಳಿ ಬರೆಸಿದ್ದು. ಗುಮಾಸ್ತ ತಪ್ಪು ಕೇಳಿಸಿಕೊಂಡು ಬರೆದದ್ದಲ್ಲ.

ಆಮೇಲೆ ಹಿರಿಯರನ್ನು ಕೇಳುವ ಕೆಲಸ. "ನಮ್ಮ ಊರು ಯಾವುದು?" ಅಂತ ಕೇಳಿದರೆ ಉತ್ತರ ಬರಲಿಕ್ಕಿಲ್ಲ. "ನಮ್ಮ ಕುಲದೇವರು ಯಾವುದು? ಮಗುವಿಗೆ ಮೊದಲ ಮುಡಿ ಎಲ್ಲಿ ಕೊಡಿಸಿದಿರಿ? ಕಿವಿ ಚುಚ್ಚಿಸಿದ್ದು ಎಲ್ಲಿ?" ಅಂತ ಕೇಳಿ. ಊರು ಬಿಟ್ಟು ನೂರು ವರ್ಷವಾದರೂ ಕುಲದೇವರನ್ನು ಬಿಟ್ಟ ಮನೆ ಕಡಿಮೆ. ಆಂಬೂರಿನಿಂದ ಒಳಗೆ ಎಲ್ಲೋ ಒಂದು ಕೆರೆ ಏರಿಯ ಮೇಲಿನ ಮುನೇಶ್ವರನ ಗುಡಿಗೆ ಆಡಿ ತಿಂಗಳಲ್ಲಿ ಹೋಗುತ್ತಿದ್ದೆವು ಅಂತ ಅತ್ತೆ ನೆನಪಿಸಿಕೊಂಡರೆ, ಹಳ್ಳಿ ಅದೇ, ಇಲ್ಲವೇ ಅದರ ಪಕ್ಕದ್ದು.

ಕಂಪನಿಯ ಪುಸ್ತಕದಲ್ಲಿ ಅವರ ಹೆಸರು ಯಾಕಿಲ್ಲ?

ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಮೇಸ್ತ್ರಿಗಳ ಹೆಸರು, ಬಂಗಲೆ, ಸಂಬಳ, ಗೋರಿ ಎಲ್ಲವೂ ದಾಖಲೆಯಲ್ಲಿವೆ. ಅದೇ ಸುರಂಗದಲ್ಲಿ ಅವರ ಕೈಕೆಳಗೆ ಬಂಡೆ ಕೊರೆದವರ ಹೆಸರು ಇಲ್ಲ. ಇದಕ್ಕೆ ಒಂದು ದೊಡ್ಡ ಕಾರಣ ಗುತ್ತಿಗೆ ಪದ್ಧತಿ. ಕಂಪನಿ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸುತ್ತಿತ್ತು, ಗುತ್ತಿಗೆದಾರ ಮೇಸ್ತ್ರಿಗಳ ಮೂಲಕ ಊರುಗಳಿಂದ ಆಳುಗಳನ್ನು ತರುತ್ತಿದ್ದ. ಬಂದವರಿಗೆ ಮುಂಗಡ, ಲೈನಿನಲ್ಲೊಂದು, ಅಂದರೆ ಕೂಲಿಯವರ ಸಾಲುಮನೆಗಳಲ್ಲೊಂದು, ತಟ್ಟಿ ಮನೆ. ಕಂಪನಿಯ ಲೆಕ್ಕದಲ್ಲಿ ಕಾಣುವುದು ಗುತ್ತಿಗೆದಾರನ ಹೆಸರು, ಮಾಡಿದ ಕೆಲಸದ ಅಳತೆ, ಕೊಟ್ಟ ಹಣ. ಆಳುಗಳ ಹಾಜರಿ ಮೇಸ್ತ್ರಿಯ ಚೀಟಿಯಲ್ಲಿ ಮುಗಿಯುತ್ತಿತ್ತು. ಆದ್ದರಿಂದ ಮನೆಯಲ್ಲಿ ಹಳೆಯ ಮೇಸ್ತ್ರಿಯ ಹೆಸರೇನಾದರೂ ಉಳಿದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಮೇಸ್ತ್ರಿ ತನ್ನ ಊರಿನ ಸುತ್ತಲಿನವರನ್ನೇ ಕರೆತರುತ್ತಿದ್ದ. ಅವನ ಊರು ತಿಳಿದರೆ ನಿಮ್ಮ ಊರಿನ ದಿಕ್ಕು ತಿಳಿಯುತ್ತದೆ.

ಗುತ್ತಿಗೆಯ ಕೂಲಿಯೂ ಸರ್ಕಾರದ ಕಾಗದಕ್ಕೆ ಬರುತ್ತಿದ್ದ ಸಂದರ್ಭಗಳಿದ್ದವು. ಮೊದಲನೆಯದು ಗಣಿಯಲ್ಲಿ ಸತ್ತಾಗ. ಬಂಡೆ ಸಿಡಿದು, ಸ್ಫೋಟದಲ್ಲಿ, ಸುರಂಗಕ್ಕೆ ಇಳಿಸುವ ಕೇಜ್ ಜಾರಿ ಸತ್ತವರ ಬಗ್ಗೆ ಗಣಿಗಳ ಮುಖ್ಯ ಇನ್‌ಸ್ಪೆಕ್ಟರ್‌ಗೆ ವರದಿ ಹೋಗಬೇಕಿತ್ತು. ಮೈಸೂರಿನ ಗಣಿ ಇನ್‌ಸ್ಪೆಕ್ಟರ್‌ನ ವಾರ್ಷಿಕ ವರದಿಗಳಲ್ಲಿ ಯಾವ ಗಣಿಯಲ್ಲಿ, ಯಾವ ಬಗೆಯ ಅಪಘಾತ ಅನ್ನುವ ವಿವರಗಳಿವೆ. "ತಾತನ ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಬಿದ್ದು ಹೋದರು" ಅನ್ನುವ ಒಂದು ವಾಕ್ಯ ಮನೆಯಲ್ಲಿ ಉಳಿದಿದ್ದರೆ, ಅದು ಬಹಳ ದೊಡ್ಡ ಸುಳಿವು. ಅಂದಾಜು ವರ್ಷ ಹಿಡಿದು ಆಚೆಈಚೆ ಐದೈದು ವರ್ಷದ ವರದಿ ನೋಡಬಹುದು. ಕಾರ್ಮಿಕ ಪರಿಹಾರದ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ ಬಂತು, ಮೈಸೂರು ಸಂಸ್ಥಾನವೂ ಆಮೇಲೆ ಅದೇ ದಾರಿ ಹಿಡಿಯಿತು. ಪರಿಹಾರದ ಕಡತ ಸಿಕ್ಕಿದರೆ ಅದರಲ್ಲಿ ಅವಲಂಬಿತರ ಹೆಸರು ಮತ್ತು ವಿಳಾಸ ಇರಲೇಬೇಕು. ಹೆಂಡತಿ ಮಕ್ಕಳು ಊರಲ್ಲೇ ಇದ್ದಿದ್ದರೆ, ಹಳ್ಳಿಯ ಹೆಸರು ಅಲ್ಲಿ ಬರುತ್ತದೆ. ಸಾವಿನ ಕಾಗದದಲ್ಲಿ ಊರಿನ ಹೆಸರು ಸಿಗುವುದು ನೋವಿನ ಸಂಗತಿ, ಆದರೂ ಆ ಮನುಷ್ಯನ ಊರನ್ನು ಸರ್ಕಾರ ಕೇಳಿ ಬರೆದುಕೊಂಡದ್ದು ಬಹುಶಃ ಆಗ ಮಾತ್ರ.

ಎರಡನೆಯದು ಕಾಯಿಲೆ. ಬಂಡೆಯ ಧೂಳು ಶ್ವಾಸಕೋಶಕ್ಕೆ ಹೋಗಿ ಬರುವ ಸಿಲಿಕೋಸಿಸ್ ಬಗ್ಗೆ 1940ರಿಂದ 46ರ ನಡುವೆ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದರು, ಅವರಲ್ಲಿ ಶೇ. 43.7 ಮಂದಿಗೆ ಕಾಯಿಲೆ ಇತ್ತು. "ತಾತ ಕೆಮ್ಮಿ ಕೆಮ್ಮಿ ಹೋದರು" ಅಂತ ಎಷ್ಟು ಮನೆಗಳಲ್ಲಿ ಹೇಳುತ್ತಾರೋ! ಅದು ಬರೀ ಕೆಮ್ಮಲ್ಲ, ಪರಿಹಾರಕ್ಕೆ ಅರ್ಹವಾದ ಗಣಿ ರೋಗ. ಎಕ್ಸ್‌ರೇ, ವೈದ್ಯಕೀಯ ಮಂಡಳಿಯ ಪತ್ರ, ಪರಿಹಾರದ ರಸೀದಿ ಮನೆಯಲ್ಲಿದ್ದರೆ ಅದರಲ್ಲಿ ಭೂಮಿಯೊಳಗೆ ಎಷ್ಟು ವರ್ಷ ದುಡಿದರು ಅನ್ನುವ ಲೆಕ್ಕ ಇರುತ್ತದೆ.

ಮೂರನೆಯದು ಜಗಳ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ತಮ್ಮನ್ನು ಕಳ್ಳರಂತೆ ಕಾಣುತ್ತಾರೆ ಅನ್ನುವ ಸಿಟ್ಟು ಅದರಲ್ಲಿತ್ತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಇಂಥ ಹೊತ್ತಿನಲ್ಲಿ ಪೊಲೀಸು, ಮ್ಯಾಜಿಸ್ಟ್ರೇಟು, ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟು ಎಲ್ಲರೂ ಪತ್ರ ಬರೆಯುತ್ತಾರೆ, ಪತ್ರಗಳಲ್ಲಿ ಹೆಸರುಗಳು ಬರುತ್ತವೆ. ಚಿನ್ನದ ಅದಿರು ಇಟ್ಟುಕೊಂಡಿದ್ದರೆಂಬ ಮೊಕದ್ದಮೆಗಳಲ್ಲೂ ಹಾಗೇ. ಮುತ್ತಾತನ ಹೆಸರು ಆರೋಪಿಯಾಗಿ ಸಿಕ್ಕಿತು ಅಂತ ಮುಚ್ಚಿಡುವ ಅಗತ್ಯ ಇಲ್ಲ. ಬರೆದವರು ಯಾರು, ಯಾಕೆ ಬರೆದರು ಅನ್ನುವುದನ್ನು ಸೇರಿಸಿ ಓದಿ.

ಇಗರ್ಜಿ, ಸಂಘ, ಶಾಲೆ

ಕ್ರೈಸ್ತ ಕುಟುಂಬವಾಗಿದ್ದರೆ ಅರ್ಧ ಗೆದ್ದಂತೆ. ಇಗರ್ಜಿಯ ರಿಜಿಸ್ಟರುಗಳಲ್ಲಿ ಕೂಲಿ, ಸಾಹೇಬ ಇಬ್ಬರಿಗೂ ಒಂದೊಂದು ಸಾಲು ಸಿಗುತ್ತದೆ. ಕಥೋಲಿಕ ಜ್ಞಾನಸ್ನಾನದ ರಿಜಿಸ್ಟರು ಹಳೆಯದಾದರೆ ಲ್ಯಾಟಿನ್‌ನಲ್ಲಿರುತ್ತದೆ, ಹೆದರಬೇಕಿಲ್ಲ: ಮಗುವಿನ ಹೆಸರು, ಹುಟ್ಟಿದ ದಿನ, ತಂದೆ, ತಾಯಿ, ಜ್ಞಾನಪಿತ, ಜ್ಞಾನಮಾತೆ, ಗುರುಗಳ ಸಹಿ ಅದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ, ಹತ್ತು ಸಾಲು ನೋಡಿದರೆ ರೂಢಿಯಾಗುತ್ತದೆ. ಅಂತೋಣಿ "ಅಂತೋನಿಯುಸ್" ಆಗಿರುತ್ತಾನೆ, ಅಷ್ಟೇ. ಇಲ್ಲಿ ಜ್ಞಾನಪಿತ, ಜ್ಞಾನಮಾತೆಯ ಹೆಸರುಗಳನ್ನು ಬಿಡದೆ ಬರೆದುಕೊಳ್ಳಿ. ಪರಊರಿನಲ್ಲಿ ಮಗುವನ್ನು ಕೈಯಲ್ಲಿ ಹಿಡಿಯಲು ಕರೆಯುತ್ತಿದ್ದದ್ದು ತಮ್ಮ ಊರಿನವರನ್ನೇ, ನೆಂಟರನ್ನೇ. ನಿಮ್ಮ ಮುತ್ತಾತನ ಊರು ಬರೆದಿಲ್ಲದಿದ್ದರೂ ಜ್ಞಾನಪಿತನ ಮದುವೆಯ ನೋಂದಣಿಯಲ್ಲಿ ಬರೆದಿರಬಹುದು. ಹಳೆಯ ಪ್ರತಿಗಳಿಗಾಗಿ ಧರ್ಮಪ್ರಾಂತ್ಯವನ್ನು ಕೇಳುವಾಗ ಒಂದು ವಿಷಯ ನೆನಪಿರಲಿ: ಬೆಂಗಳೂರು ಧರ್ಮಪ್ರಾಂತ್ಯ ಆದದ್ದು 1940ರಲ್ಲಿ, ಅದಕ್ಕೆ ಮೊದಲು ಈ ಭಾಗ ಮೈಸೂರಿಗೆ ಸೇರಿತ್ತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಚರ್ಚ್ ದಾಖಲೆಗಳ ಬಗ್ಗೆ ಅಂತರ್ಜಾಲದಲ್ಲಿ ಬಹಳ ಹೇಳುತ್ತಾರೆ. ಅವು ಹೆಚ್ಚಿನದಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರಿಗೆ ಸಂಬಂಧಿಸಿದವು. ಗಣಿ ಕೂಲಿಯ ಮನೆಯವರು ಅಲ್ಲಿಂದ ಶುರು ಮಾಡುವುದು ಬೇಡ.

ಕೆ.ಜಿ.ಎಫ್‌ನ ಆದಿ ದ್ರಾವಿಡ ಕುಟುಂಬಗಳಿಗೆ ಇನ್ನೊಂದು ದಾರಿಯಿದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ್ದು. ತಮಿಳು ದಲಿತ ಚಿಂತಕ ಪಂಡಿತ ಅಯೋತಿದಾಸರು ಕಟ್ಟಿದ ಬೌದ್ಧ ಸಂಘದ ಶಾಖೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿತ್ತು. ಅವರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ತಮಿಳು ವಾರಪತ್ರಿಕೆಯನ್ನು ಗಣಿಯ ಲೈನುಗಳಲ್ಲಿ ಓದುತ್ತಿದ್ದರು. ಅಕ್ಷರ ಕಲಿತ ಕಾರ್ಮಿಕ, ಸಭೆ ನಡೆಸುವ ಕಾರ್ಮಿಕ, ಬೌದ್ಧ ರೀತಿಯಲ್ಲಿ ಮದುವೆ ಮಾಡಿಕೊಳ್ಳುವ ಕಾರ್ಮಿಕ ಆ ಕಾಲದಲ್ಲೇ ಇಲ್ಲಿದ್ದ. ಆದ್ದರಿಂದ ನಿಮ್ಮ ಹಿರಿಯರ ಹೆಸರನ್ನು ಕೂಲಿಯ ಪಟ್ಟಿಯಲ್ಲಿ ಮಾತ್ರ ಹುಡುಕಬೇಡಿ, ಸಭೆಯ ವರದಿಯಲ್ಲೂ ಹುಡುಕಿ. ಮಾರಿಯಮ್ಮನ ಗುಡಿಗಳ ಗೋಡೆಗೆ ಹಾಕಿದ ದಾನಿಗಳ ಕಲ್ಲುಗಳನ್ನೂ ಓದಿ.

"ಆದಿ ದ್ರಾವಿಡ" ಅನ್ನುವ ಹೆಸರನ್ನು ಮದ್ರಾಸ್ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡದ್ದು 1922ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಅವಮಾನ ಮಾಡುವ ಹಳೆಯ ಹೆಸರುಗಳೇ ಇರುತ್ತವೆ. ಓದಲು ಕಷ್ಟವಾದರೂ ಅದೇ ಕಾಲಂ ನೋಡಬೇಕಾಗುತ್ತದೆ.

ಶಾಲೆಯ ದಾಖಲಾತಿ ರಿಜಿಸ್ಟರ್ ಮಾತ್ರ ಎಲ್ಲ ಜಾತಿ ಧರ್ಮದವರಿಗೂ ಕೆಲಸಕ್ಕೆ ಬರುತ್ತದೆ. ತಂದೆಯ ಹೆಸರು, ಉದ್ಯೋಗ, ವಾಸದ ಲೈನು, ಜಾತಿ, ಹುಟ್ಟಿದ ದಿನಾಂಕ ಒಂದೇ ಸಾಲಿನಲ್ಲಿರುತ್ತವೆ. ತಾತ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ಸೇರಿದ ದಿನ ಬರೆದ ಸಾಲು ಉಳಿದಿರುತ್ತದೆ. 1950ಕ್ಕೆ ಮೊದಲಿನ ವಾಸಕ್ಕೆ ಆಧಾರ ಬೇಕಾದವರು ಮೊದಲು ಹೋಗಬೇಕಾದ್ದು ಇಲ್ಲಿಗೇ. ಜನನ ಮರಣ ನೋಂದಣಿ ದೇಶದಲ್ಲೆಲ್ಲ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಅದಕ್ಕಿಂತ ಹಿಂದಿನವು ನಗರಸಭೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇದ್ದರೆ ಇದ್ದವು. ಅರ್ಜಿಯಲ್ಲಿ ಒಂದೇ ವರ್ಷ ಬರೆಯದೆ ವರ್ಷಗಳ ಅಂತರ ಬರೆದು ಹುಡುಕಿಸಿ.

ಜನಗಣತಿಯ ಬಗ್ಗೆ ಒಂದು ಭ್ರಮೆ ಬಿಡಿಸಬೇಕು. ಇಂಗ್ಲೆಂಡ್, ಅಮೆರಿಕದಲ್ಲಿ ನೂರು ವರ್ಷ ಹಿಂದಿನ ಗಣತಿಯಲ್ಲಿ ಮನೆಮನೆಯ ಹೆಸರು ಸಿಗುತ್ತದೆ ಅಂತ ಓದಿ, ಇಲ್ಲೂ 1901ರ ಗಣತಿಯಲ್ಲಿ ಮುತ್ತಾತನನ್ನು ಹುಡುಕಲು ಹೊರಡುತ್ತಾರೆ. ನಮ್ಮಲ್ಲಿ ಮನೆಮನೆಯ ಹಾಳೆಗಳನ್ನು ಲೆಕ್ಕ ಹಾಕಿದ ಮೇಲೆ ಉಳಿಸಿಕೊಳ್ಳಲಿಲ್ಲ, ಅಚ್ಚಾದ ಕೋಷ್ಟಕಗಳಷ್ಟೇ ಇವೆ. ಅವುಗಳಲ್ಲಿ ಯಾವ ಜಿಲ್ಲೆಯಲ್ಲಿ ಹುಟ್ಟಿದವರು ಎಷ್ಟು ಜನ ಇಲ್ಲಿದ್ದರು ಅನ್ನುವುದು ಇರುತ್ತದೆ. ಹೆಸರಿಗೆ ಅಲ್ಲ, ಊಹೆಯನ್ನು ತೂಗಿ ನೋಡಲು ಅವು ಸಾಕು.

ಮೂಲ ಹಳ್ಳಿಯ ಅಂದಾಜು ಸಿಕ್ಕ ಮೇಲೆ ಆ ಕಡೆಯ ಕಂದಾಯ ದಾಖಲೆ ನೋಡಬಹುದು. ನೆಲವಿಲ್ಲದವರ ಹೆಸರು ಪಟ್ಟಾದಲ್ಲಿ ಇರುವುದಿಲ್ಲ. ಒಂದು ಅಪವಾದ: ಚೆಂಗಲ್‌ಪಟ್ಟು ಕಲೆಕ್ಟರ್ ಟ್ರೆಮೆನ್‌ಹೀರ್ 1891ರಲ್ಲಿ ಬರೆದ ವರದಿಯ ಮೇಲೆ ಮದ್ರಾಸ್ ಸರ್ಕಾರ ದಲಿತರಿಗೆ ಭೂಮಿ ಕೊಡಲು 1892ರಲ್ಲಿ ಒಪ್ಪಿತು. ಆ ಪಂಚಮಿ ಭೂಮಿ ಪಡೆದವರ ಹೆಸರು ರಿಜಿಸ್ಟರಿನಲ್ಲಿ ಬಂತು. ಊರಲ್ಲೇ ಉಳಿದ ಮುತ್ತಾತನ ಅಣ್ಣನೋ ದಾಯಾದಿಯೋ ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ.

ಸರ್ಕಾರದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ, ಮೈಸೂರು ರೆಸಿಡೆನ್ಸಿಯ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ರಾಷ್ಟ್ರೀಯ ಪತ್ರಾಗಾರದ "ಅಭಿಲೇಖ್ ಪಟಲ್" ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಅಲ್ಲಿ ಮುತ್ತಾತನ ಹೆಸರು ಹಾಕಿದರೆ ಏನೂ ಬರುವುದಿಲ್ಲ. ಗಣಿಯ ಹೆಸರು, ಅಪಘಾತ, ಮುಷ್ಕರ, ಪ್ಲೇಗು ಅಂತ ಹಾಕಿ. ಕಡತಕ್ಕೆ ಹೆಸರಿಡುವುದು ಘಟನೆಯ ಮೇಲೆ, ಕೂಲಿಯವನ ಮೇಲೆ ಅಲ್ಲ.

ಸಿಕ್ಕಿದವನು ನಮ್ಮವನೇ ಅಂತ ಹೇಗೆ ಹೇಳುವುದು?

ಮುನುಸಾಮಿ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ತಮಿಳಿನಲ್ಲಿ ಮುನುಸಾಮಿ, ಕನ್ನಡ ಗುಮಾಸ್ತನ ಕೈಯಲ್ಲಿ ಮುನಿಸ್ವಾಮಿ, ತೆಲುಗು ಮೇಷ್ಟ್ರು ಬರೆದರೆ ಮುನಿಸಾಮಿ, ಇಂಗ್ಲಿಷ್ ರಿಜಿಸ್ಟರಿನಲ್ಲಿ ಮೂನೂಸಾಮಿ, ಮೂನೆಸಾಮಿ. ನಂದಿದುರ್ಗವನ್ನು ನಂಡಿಡ್ರೂಗ್ ಮಾಡಿದ ಬರವಣಿಗೆ ಅದು. ಇಂಗ್ಲಿಷಿನಲ್ಲಿ ಹುಡುಕುವಾಗ ಉಕಾರಕ್ಕೆ ಎರಡು 'ಒ' ಹಾಕಿಯೂ ನೋಡಬೇಕು. ಮನೆತನದ ಹೆಸರಿಲ್ಲ, ತಂದೆಯ ಹೆಸರಿನ ಮೊದಲಕ್ಷರ ಮಾತ್ರ. ವಯಸ್ಸನ್ನು ಅಂದಾಜಿನಲ್ಲಿ ಇಪ್ಪತ್ತೈದು, ಮೂವತ್ತು, ನಲವತ್ತು ಅಂತ ಬರೆಯುತ್ತಿದ್ದರು. ಐದು ವರ್ಷ ಹಿಂದುಮುಂದಾದರೆ ಅದನ್ನೇ ಕಾರಣ ಮಾಡಿ ಬಿಡಬೇಡಿ.

ಹಾಗಾಗಿ ಬರೀ ಹೆಸರು ಹೊಂದಿದರೆ ಆತ ನಿಮ್ಮ ಮುತ್ತಾತ ಆಗುವುದಿಲ್ಲ. ಹೆಸರು, ತಂದೆಯ ಹೆಸರು, ಹೆಂಡತಿಯ ಹೆಸರು, ಗಣಿ, ಲೈನು, ಊರು ಇವುಗಳಲ್ಲಿ ಕನಿಷ್ಠ ಮೂರು ಕೂಡಿ ಬರಬೇಕು, ಅದೂ ಒಂದಕ್ಕಿಂತ ಹೆಚ್ಚು ಕಾಗದದಲ್ಲಿ, ಬೇರೆ ಬೇರೆ ಕೈ ಬರೆದ ಕಾಗದದಲ್ಲಿ. ಮಗನ ಅರ್ಜಿ ನೋಡಿ ಬರೆದ ಪ್ರಮಾಣಪತ್ರವೂ ಆ ಅರ್ಜಿಯೂ ಎರಡು ಸಾಕ್ಷಿ ಆಗುವುದಿಲ್ಲ, ಒಂದೇ ಸಾಕ್ಷಿ. ನನ್ನ ಅನುಭವದಲ್ಲಿ ಹೆಚ್ಚಾಗಿ ಗಂಟು ಬಿಡಿಸುವುದು ಹೆಂಡತಿಯ ಹೆಸರು. ಮಾರಿಕುಪ್ಪಂನ ಮುನುಸಾಮಿಗಳನ್ನು ಎಣಿಸಲು ಆಗುವುದಿಲ್ಲ. ಹೆಂಡತಿ ಕುಪ್ಪಮ್ಮ, ಮಾವ ಚಿನ್ನಪ್ಪ ಅಂತ ಸೇರಿಸಿದರೆ ಒಬ್ಬನೋ ಇಬ್ಬರೋ ಉಳಿಯುತ್ತಾರೆ. ಮನೆಯ ಹೆಂಗಸರ ಹೆಸರನ್ನು ಹಿರಿಯರಿಂದ ಮೊದಲು ಕೇಳಿ ಬರೆದುಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೆ. ಗಂಡಸರ ಹೆಸರು ಯಾವುದಾದರೊಂದು ಕಾಗದದಲ್ಲಿ ಸಿಗಬಹುದು. ಅತ್ತೆ, ಅಜ್ಜಿ, ಮುತ್ತಜ್ಜಿಯ ಹೆಸರು ಹೇಳುವವರು ಹೋದರೆ ಬಹುಪಾಲು ಹೋದಂತೆಯೇ.

ಒಂದೊಂದು ಸಂಗತಿಯ ಪಕ್ಕದಲ್ಲೂ ಅದು ಎಲ್ಲಿಂದ ಬಂತು ಅಂತ ಬರೆಯಿರಿ: ಅತ್ತೆ ಹೇಳಿದ್ದು, ರಿಜಿಸ್ಟರಿನಲ್ಲಿ ಓದಿದ್ದು, ನೀವೇ ಊಹಿಸಿದ್ದು. ಮೂರನ್ನೂ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದರೆ ಇನ್ನೂ ಒಳ್ಳೆಯದು. ಹತ್ತು ವರ್ಷದ ಮೇಲೆ ನಿಮ್ಮ ಮಗಳು ಆ ನೋಟ್‌ಬುಕ್ ತೆಗೆದಾಗ, ಯಾವ ಸಾಲನ್ನು ನಂಬಬಹುದು, ಯಾವುದನ್ನು ಮತ್ತೆ ಹೋಗಿ ನೋಡಬೇಕು ಅನ್ನುವುದು ಅವಳಿಗೆ ತಿಳಿಯುತ್ತದೆ.